ನೀರು ಕುಡಿಯಬೇಕಾದ ದೋಣಿ

ಅಪ್ಪ ಅಮ್ಮ ಇಟ್ಟ ಹೆಸರು ಅವನ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವನು ಯಾಕಣ್ಣ. ಎರಡನೇ ತರಗತಿಯಲ್ಲಿ ಮೇಷ್ಟ್ರು ಗೋಡೆ ಗಡಿಯಾರ ತೋರಿಸಿ ಮುಳ್ಳು ಯಾವಾಗಲೂ ಬಲಕ್ಕೇ ತಿರುಗುತ್ತದೆ ಎಂದಾಗ ಇವನು "ಯಾಕೆ ಸಾರ್?" ಎಂದ. ಉತ್ತರ ಸಿಗಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಬೆಂಚಿನ ಮೇಲೆ ಬೆಂಚಿಟ್ಟು ಹತ್ತಿ ಗಡಿಯಾರ ಇಳಿಸಿ ಬಿಚ್ಚಿಯೇ ಬಿಟ್ಟ. ಆ ಗಡಿಯಾರ ಮತ್ತೆ ನಡೆಯಲಿಲ್ಲ. ಹೆಸರು ಮಾತ್ರ ನಲವತ್ತೈದು ವರ್ಷದಿಂದ ನಿಲ್ಲದೆ ನಡೆಯುತ್ತಿದೆ.

ದೊಡ್ಡವನಾದ ಮೇಲೆ ನೀರಿನ ಪಂಪು ರಿಪೇರಿಗೆ ಇಳಿದ. ಬಂದರಿನ ಹಿಂದಿನ ಬೀದಿಯಲ್ಲಿ ಅರ್ಧಕ್ಕೆ ಸಿಕ್ಕಿಕೊಳ್ಳುವ ಶಟರಿನ ಒಂದು ಅಂಗಡಿ. ಒಳಗೆ ಹೋಗುವವರೆಲ್ಲ ತಲೆ ತಗ್ಗಿಸಿಯೇ ಹೋಗಬೇಕು. ಆ ಶಟರು ಯಾಕೆ ಸಿಕ್ಕಿಕೊಳ್ಳುತ್ತದೆ ಎಂದು ತಿಳಿಯಲು ಅದನ್ನೂ ಒಮ್ಮೆ ಬಿಚ್ಚಿದ್ದ, ಅದಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಗಿರಾಕಿಗಳ ಪಂಪನ್ನು ಮಾತ್ರ ಅಚ್ಚುಕಟ್ಟಾಗಿ ಮುಚ್ಚಿ ಕೊಡುತ್ತಿದ್ದ, ಏಕೆಂದರೆ ಗಿರಾಕಿ ತಲೆಯ ಮೇಲೆ ನಿಂತಿರುತ್ತಿದ್ದ. ಮನೆಯ ಸಾಮಾನಿಗೆ ಆ ಭಾಗ್ಯವಿರಲಿಲ್ಲ. ಹೊಲಿಗೆ ಯಂತ್ರ, ಫ್ಯಾನು, ಎರಡು ರೇಡಿಯೋ, ಅಳಿದುಳಿದ ಒಂದು ತೂಕದ ಯಂತ್ರ ಎಲ್ಲವೂ ಅಟ್ಟದ ಮೇಲೆ ತಂತಮ್ಮ ಸ್ಕ್ರೂಗಳ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಕಾಯುತ್ತಿದ್ದವು.

"ಇವರಿಗೆ ಬಿಚ್ಚೋಕೆ ನಾಲ್ಕು ಕೈ, ಮುಚ್ಚೋಕೆ ಒಂದೂ ಇಲ್ಲ," ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು. ಬಲೆ ಹೆಣೆಯುವುದು ಅವಳ ಕೆಲಸ. ಹರಿದದ್ದನ್ನು ಸೇರಿಸುವವಳಿಗೆ ಸೇರಿದ್ದನ್ನು ಬಿಡಿಸುವ ಗಂಡ ಸಿಕ್ಕಿದ್ದ.

ಮನೆಯ ಮುಂದಿನ ಕೋಣೆಯಲ್ಲಿ ಮಾವ ಇದ್ದ, ಹೆಂಡತಿಯ ಅಪ್ಪ. ಮೂವತ್ತೆಂಟು ವರ್ಷ ಮೀನು ಹಿಡಿದವನು, ಏಳು ವರ್ಷದ ಹಿಂದೆ ಬಂದರಿನ ಕಟ್ಟೆಯ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡು ಕೋಲು ಹಿಡಿದ. ಅಂದಿನಿಂದ ಅವನ ದೋಣಿ ಹಳೇ ದೋಣಿ ನಿಲ್ಲಿಸುವ ಯಾರ್ಡಿನಲ್ಲಿ ಮರದ ದಿಮ್ಮಿಗಳ ಮೇಲೆ ಕುಳಿತಿತ್ತು. ಮಗಳು ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ ಕೊಂಡದ್ದಾದ್ದರಿಂದ ಮಾವ ದೋಣಿಯನ್ನು 'ದೊಡ್ಡವಳು' ಎನ್ನುತ್ತಿದ್ದ, ಮಗಳನ್ನು 'ಚಿಕ್ಕವಳು'. ಆ ಲೆಕ್ಕದಲ್ಲಿ ದೋಣಿ ಯಾಕಣ್ಣನಿಗೆ ಅತ್ತಿಗೆಯಾಗಬೇಕೆಂದು ಬಂದರಿನವರು ನಗೆಯಾಡುತ್ತಿದ್ದರು.

ಮಾವನದೊಂದು ವಿಚಿತ್ರ ಗುಣವಿತ್ತು. ಸಿಟ್ಟು ಏರಿದಷ್ಟೂ ಮಾತಿನಲ್ಲಿ ಮರ್ಯಾದೆ ಏರುತ್ತಿತ್ತು. ಸಮಾಧಾನವಾಗಿದ್ದಾಗ "ಏನಪ್ಪಾ, ಉಂಡ್ಯಾ?" ಎನ್ನುವವನು, ಕೆರಳಿದರೆ "ಅಳಿಯಂದ್ರೇ, ತಾವು ಊಟ ಮಾಡಿದ್ರಾ?" ಎನ್ನುತ್ತಿದ್ದ. ರೇಡಿಯೋ ಬಿಚ್ಚಿದ ವಾರವಿಡೀ ಯಾಕಣ್ಣನಿಗೆ ರಾಜಮರ್ಯಾದೆ ಸಿಕ್ಕಿತ್ತು.

ಆ ವರ್ಷ ಯಾರ್ಡಿನ ಗೇಟಿಗೆ ಒಂದು ನೋಟೀಸು ಅಂಟಿಸಿದರು. ಜಾಗ ಖಾಲಿಯಾಗಬೇಕು. ಮೂವತ್ತು ದಿನದೊಳಗೆ ನೀರಿಗಿಳಿದು, ಪಂಪಿನ ಸಹಾಯವಿಲ್ಲದೆ ಎರಡು ದಿನ ತೇಲಿದ ದೋಣಿಗೆ ಕಟ್ಟೆಯಲ್ಲಿ ಜಾಗ. ಉಳಿದವಕ್ಕೆ ಗರಗಸ. ಹೆಂಡತಿ ಬರೆದುಕೊಂಡು ಬಂದದ್ದನ್ನು ಮಾವ ಎರಡು ಸಲ ಓದಿದ. ಆಮೇಲೆ ಕನ್ನಡಕದ ಮೇಲಿನಿಂದ ಅಳಿಯನನ್ನು ನೋಡಿದ.

"ನಿನ್ನ ಕೈಲಾಗುತ್ತೇನಪ್ಪಾ? ಬಿಚ್ಚಿ ಬಿಟ್ಟುಬಿಡೋ ಹಾಗಿದ್ರೆ ಈಗ್ಲೇ ಹೇಳಿಬಿಡು. ಅದಕ್ಕಿಂತ ಗರಗಸದವರೇ ವಾಸಿ."

ಯಾಕಣ್ಣ ಅಟ್ಟದ ಕಡೆ ನೋಡದಿರಲು ಪ್ರಯತ್ನಪಟ್ಟ. "ಮುಚ್ಚಿ ಕೊಡ್ತೀನಿ ಮಾವ," ಎಂದ. ಅದುವರೆಗೆ ಆ ಮನೆಯಲ್ಲಿ ಅವನು ಯಾರಿಗೂ ಹಾಗೆ ಮಾತು ಕೊಟ್ಟಿರಲಿಲ್ಲ.

ಮರುದಿನವೇ ಅಂಗಡಿಯ ಶಟರು ಎಳೆದು ಯಾರ್ಡಿಗೆ ಹೋದ. ದೋಣಿಯ ಸ್ಥಿತಿ ನೋಡುವ ಹಾಗಿರಲಿಲ್ಲ. ಬಿಸಿಲಿಗೆ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದಿತ್ತು, ಮೊಳೆಯ ತುಕ್ಕು ಹಲಗೆಯ ಮೇಲೆ ಕಣ್ಣೀರಿನ ಹಾಗೆ ಇಳಿದಿತ್ತು, ಹಲಗೆ ಹಲಗೆಯ ನಡುವಿನ ಸಂದಿನಲ್ಲಿ ಆಚೆಯ ಬೆಳಕು ಕಾಣುತ್ತಿತ್ತು. ಬೇರೆಯವರಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಯಾಕಣ್ಣನಿಗೆ ಖುಷಿಯೋ ಖುಷಿ. ಇಷ್ಟು ದೊಡ್ಡ ಸಾಮಾನನ್ನು ಬಿಚ್ಚಲು ಅವನಿಗೆ ಯಾರೂ ಅನುಮತಿ ಕೊಟ್ಟಿದ್ದಿಲ್ಲ.

ಮೊದಲು ಬಣ್ಣಕ್ಕೆ ಕೈ ಹಾಕಿದ. ಒಂದೇ ಸಲ ಕೆರೆದು ಹಾಕುವುದು ಅವನ ಜಾಯಮಾನವಲ್ಲ. ಅಂಗೈಯಗಲದ ಜಾಗದಲ್ಲಿ ಒಂದೊಂದೇ ಪದರ ಬಿಡಿಸಿ ಮೆಟ್ಟಿಲು ಮೆಟ್ಟಿಲಾಗಿ ಎಲ್ಲ ಬಣ್ಣವೂ ಕಾಣುವಂತೆ ಮಾಡಿದ. ಎಣಿಸಿದರೆ ಒಂಬತ್ತು ಪದರ. ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಮಾವನನ್ನು ಹಿಡಿದುಕೊಂಡ.

"ಮಾವ, ಮೇಲಿಂದ ಮೂರನೇದು ನೀಲಿ. ಯಾಕೆ?"

"ಆ ವರ್ಷ ಅಂಗಡೀಲಿ ಬೇರೆ ಬಣ್ಣ ಇರ್ಲಿಲ್ಲ."

"ಐದನೇದು ಕೆಂಪು?"

"ಮನೆ ಬಾಗಿಲಿಗೆ ತಂದಿದ್ದು ಮಿಕ್ಕಿತ್ತು."

"ಎಲ್ಲಕ್ಕಿಂತ ಕೆಳಗೆ ಬಣ್ಣಾನೇ ಇಲ್ಲ, ಬರೀ ಎಣ್ಣೆ. ಸುತ್ತ ಒಂದೇ ಒಂದು ಹಳದಿ ಗೆರೆ. ಅದು ಯಾಕೆ?"

ಮಾವ ಕೋಲಿನ ತುದಿಯಿಂದ ನೆಲದ ಮೇಲೊಂದು ಗೆರೆ ಎಳೆದ. ಒಳಗಿನಿಂದ ಹೆಂಡತಿ ಹೇಳಿದಳು: "ಅಮ್ಮ ಹೇಳಿ ಎಳೆಸಿದ್ದು. ಎಷ್ಟು ದೂರ ಇದ್ರೂ ಬರ್ತಿರೋದು ನಮ್ಮ ದೋಣೀನೇ ಅಂತ ಗೊತ್ತಾಗ್ಲಿ ಅಂತ." ಅತ್ತೆ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ದೋಣಿಯನ್ನು ಎಣ್ಣೆ ಮತ್ತು ಹಳದಿ ಗೆರೆಯ ಆ ಮೊದಲ ರೂಪಕ್ಕೇ ತರುವುದೆಂದು ಯಾಕಣ್ಣ ಅಲ್ಲೇ ನಿಶ್ಚಯಿಸಿದ.

ಬಣ್ಣ ಮುಗಿಸಿ ಸಂದುಗಳಿಗೆ ಬಂದ. ಕೊಕ್ಕೆ ಹಾಕಿ ಎಳೆದರೆ ಒಳಗಿನಿಂದ ಕಪ್ಪಗಾದ ಬಟ್ಟೆಯ ಉದ್ದುದ್ದ ಪಟ್ಟಿಗಳು ಬಂದವು. ಕೆಲವಕ್ಕೆ ಇನ್ನೂ ಎಣ್ಣೆಯ ವಾಸನೆ, ಒಂದೆರಡರಲ್ಲಿ ಮಾಸಿದ ಪಟ್ಟೆ. ಎರಡು ಬುಟ್ಟಿ ತುಂಬುವಷ್ಟಾಯಿತು. ಬಣ್ಣದ ಪದರ ಪದರಕ್ಕೂ ಯಾಕೆ ಎಂದು ಮಾವನ ಪ್ರಾಣ ತಿಂದವನು, ಈ ಬಟ್ಟೆಯ ವಿಷಯದಲ್ಲಿ ಬಾಯಿ ತೆರೆಯಲಿಲ್ಲ. ಬಡತನದ ಕಾಲದಲ್ಲಿ ಏನು ಸಿಕ್ಕಿತೋ ಅದನ್ನು ತುರುಕಿದ್ದಾರೆ ಪಾಪ ಎಂದುಕೊಂಡು ಎಲ್ಲವನ್ನೂ ಬೆಂಕಿಗೆ ಹಾಕಿದ. ಅವನು ಎಡವಿದ್ದು ಅಲ್ಲೇ.

ಏಕೆಂದರೆ ಸೋರಿಕೆಯೆಂದರೆ ಅವನು ಪಳಗಿದ ವಿಷಯವಾಗಿತ್ತು. ಮೂವತ್ತು ವರ್ಷ ಪಂಪು, ಪೈಪುಗಳ ಸೋರಿಕೆ ನಿಲ್ಲಿಸಿ ಹೊಟ್ಟೆ ಹೊರೆದವನಿಗೆ ಮದ್ದು ಯಾವುದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಎರಡು ಡಬ್ಬಿಯದನ್ನು ಕಲಸಿ ಹಚ್ಚಿದರೆ ಕಲ್ಲಿನಂತಾಗುವ ಅಂಟು. ಆರು ದಿನ ಕೂತು ಸಂದು ಸಂದಿಗೂ ಅದನ್ನು ಒತ್ತಿ ಒತ್ತಿ ತುಂಬಿದ. ಉಜ್ಜಿ ನಯ ಮಾಡಿದ, ಎಣ್ಣೆ ಕುಡಿಸಿದ, ಹಳದಿ ಗೆರೆ ಎಳೆದ. ದೂರದಿಂದ ನೋಡಿ ತನಗೆ ತಾನೇ ಭೇಷ್ ಎಂದುಕೊಂಡ. ಹದಿನೇಳನೇ ದಿನ ಮಾವನನ್ನು ಆಟೋದಲ್ಲಿ ಕೂರಿಸಿಕೊಂಡು ಯಾರ್ಡಿಗೆ ಕರೆತಂದ.

ಮಾವ ಕೋಲೂರಿ ದೋಣಿಯ ಸುತ್ತ ಒಂದು ಸುತ್ತು ಬಂದ. ಹಳದಿ ಗೆರೆಯ ಹತ್ತಿರ ಸ್ವಲ್ಪ ಹೊತ್ತು ನಿಂತ. ಆಮೇಲೆ ಒಂದು ಸಂದಿನ ಮೇಲೆ ಹೆಬ್ಬೆರಳಿನ ಉಗುರು ಒತ್ತಿದ. ಉಗುರು ಜಾರಿತು. ಇನ್ನೊಂದು ಕಡೆ ಒತ್ತಿದ, ಅಲ್ಲೂ ಜಾರಿತು.

"ಅಳಿಯಂದ್ರೇ," ಎಂದ.

ಯಾಕಣ್ಣ ಓಡಿ ಹತ್ತಿರ ಬಂದ.

"ಇಲ್ಲಿ ಏನು ತುಂಬಿದ್ದೀರಿ ತಾವು?"

"ಪೈಪಿನ ಅಂಟು ಮಾವ. ಒಂದು ತೊಟ್ಟು ನೀರು ಒಳಗೆ ಬರಲ್ಲ."

"ಯಾಕೆ ಬರಬಾರದು?"

ಜೀವಮಾನದಲ್ಲಿ ಮೊದಲ ಬಾರಿಗೆ ಆ ಪ್ರಶ್ನೆ ತಿರುಗಿ ಅವನ ಮೇಲೇ ಬಂದಿತ್ತು.

"ಏಳು ವರ್ಷ ಬಿಸಿಲು ತಿಂದು ಹಲಗೆ ಸೊರಗಿದೆ," ಎಂದ ಮಾವ. "ನೀರಿಗಿಳಿದ ಮೇಲೆ ನೀರು ಕುಡಿದು ಉಬ್ಬಬೇಕು. ಉಬ್ಬಿ ಉಬ್ಬಿ ತನ್ನ ಸಂದು ತಾನೇ ಮುಚ್ಕೋಬೇಕು. ಬಟ್ಟೆಯಾದ್ರೆ ಅಮುಕಿಸ್ಕೊಂಡು ಜಾಗ ಕೊಡುತ್ತೆ. ನಿಮ್ಮ ಕಲ್ಲು ಕೊಡುತ್ತಾ? ಹಲಗೆ ಹಲಗೇನ ತಳ್ಳುತ್ತೆ, ಮೊಳೆ ಕಿತ್ತು ಬರುತ್ತೆ, ಹಲಗೆ ಹಿಡಿದಿರೋ ಪಕ್ಕೆಮರ ಮುರಿಯುತ್ತೆ. ಗರಗಸ ಯಾಕೆ ಬೇಕು, ತಾವೇ ಸಾಕು."

"ಮೊದ್ಲೇ ಒಂದು ಮಾತು ಹೇಳಬಾರದಿತ್ತಾ ಮಾವ?"

"ತಾವು ಎಲ್ಲಾನೂ ಕೇಳೋರು. ಇದನ್ನೂ ಕೇಳ್ತೀರಿ ಅಂತ ಕಾಯ್ತಾ ಇದ್ದೆ."

ಆ ಮಾತು ಅವನಿಗೆ ಚಪ್ಪಲಿಯಲ್ಲಿ ಹೊಡೆದಂತಾಯಿತು. ಮನೆಯ ಪ್ರತಿಯೊಂದು ಸಾಮಾನಿಗೂ ಯಾಕೆ ಎಂದವನು, ತನಗೆ ಗೊತ್ತಿದೆ ಎಂದುಕೊಂಡ ಒಂದೇ ಒಂದು ಕಡೆ ಕೇಳಿರಲಿಲ್ಲ.

ಹದಿಮೂರು ದಿನ ಉಳಿದಿದ್ದವು. ಮರುದಿನ ಬೆಳಗಿನಿಂದಲೇ ಉಳಿ ಮತ್ತು ಮರದ ಸುತ್ತಿಗೆ ಹಿಡಿದು ತಾನೇ ತುಂಬಿದ ಕಲ್ಲನ್ನು ತಾನೇ ಕೀಳತೊಡಗಿದ. ಆರು ದಿನದಲ್ಲಿ ತುಂಬಿದ್ದನ್ನು ಕೀಳಲು ಏಳು ದಿನ ಹಿಡಿಯಿತು. ಅಂಗೈ ಬೊಬ್ಬೆ ಬಂದು ಒಡೆದು ಮತ್ತೆ ಬಂದಿತು. ಇನ್ನೊಂದು ತೊಂದರೆಯೂ ಇತ್ತು. ಎಣ್ಣೆಯಲ್ಲಿ ಅದ್ದಿ ತುಂಬಲು ಬೇಕಾದದ್ದು ನೂರಾರು ಸಲ ಒಗೆದು ಸವೆದ ಹತ್ತಿ ಬಟ್ಟೆ. ಹೊಸ ಬಟ್ಟೆ ಎಣ್ಣೆ ಹೀರುವುದಿಲ್ಲ. ಇದ್ದ ಹಳೆಯದನ್ನೆಲ್ಲ ಅವನೇ ಸುಟ್ಟಿದ್ದ. ಮನೆಯ ಹಳೇ ಅಂಗಿ, ದಿಂಬಿನ ಚೀಲ ಎಲ್ಲ ಸೇರಿಸಿದರೂ ಅರ್ಧ ದೋಣಿಗೆ ಸಾಲಲಿಲ್ಲ.

ಹೆಂಡತಿ ಮಂಚದ ಕೆಳಗಿನ ಪೆಟ್ಟಿಗೆ ಎಳೆದು ನಾಲ್ಕು ಹೊದಿಕೆ ತೆಗೆದಳು. ನೀಲಿ ಪಟ್ಟೆಯವು, ಒಗೆದು ಒಗೆದು ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳ್ಳಗಾಗಿದ್ದವು. ಅವಳ ಅಮ್ಮನವು. ಸುಟ್ಟ ಪಟ್ಟಿಗಳಲ್ಲಿ ಕಂಡ ಪಟ್ಟೆ ಯಾವುದೆಂದು ಯಾಕಣ್ಣನಿಗೆ ಆಗ ತಿಳಿಯಿತು. ಹೆಂಡತಿ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಪರ್ರನೆ ಹರಿದಳು.

"ಅಮ್ಮನೂ ಪ್ರತಿ ವರ್ಷ ಹೀಗೇ ಹರೀತಿದ್ಲು. ದೋಣಿಗೆ ಅಂತ ಗೊತ್ತಿತ್ತು, ಯಾಕೆ ಅಂತ ನಾನೂ ಕೇಳಿರ್ಲಿಲ್ಲ," ಎಂದಳು.

ಮಾವ ಯಾರ್ಡಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ. ಮರ್ಯಾದೆ ಇನ್ನೂ ಇಳಿದಿರಲಿಲ್ಲ. "ಅಷ್ಟು ಒತ್ತಬೇಡಿ ಅಳಿಯಂದ್ರೇ. ಉಗುರು ಇಟ್ರೆ ಒಳಗೆ ಹೋಗಬೇಕು." ತುಂಬಿ ಮುಗಿದ ಮೇಲೆ ಎರಡು ದಿನ ದೋಣಿಗೆ ಒದ್ದೆ ಗೋಣಿಚೀಲ ಹೊದಿಸಿ, ಹೊತ್ತು ಹೊತ್ತಿಗೆ ಬಕೆಟ್ಟಿನಲ್ಲಿ ನೀರು ಹುಯ್ದರು. ಹಳದಿ ಗೆರೆ ಹಾಳಾದಲ್ಲೆಲ್ಲ ಹೆಂಡತಿಯೇ ಕೂತು ತಿದ್ದಿದಳು.

ಇಪ್ಪತ್ತೊಂಬತ್ತನೇ ದಿನ ಬೆಳಿಗ್ಗೆ ದೊಡ್ಡವಳನ್ನು ನೀರಿಗಿಳಿಸಿದರು. ಇಳಿಸಿದ ಐದೇ ನಿಮಿಷಕ್ಕೆ ಹತ್ತಾರು ಕಡೆಯಿಂದ ನೀರು ಒಳಗೆ ಬಂತು. ಬೆವರಿದ ಹಾಗೆ ಕೆಲವು ಕಡೆ, ನಲ್ಲಿ ಬಿಟ್ಟ ಹಾಗೆ ಕೆಲವು ಕಡೆ. ಕಟ್ಟೆಯ ಮೇಲೆ ನಿಂತವರಿಗೆ ಹಬ್ಬ.

"ಏನು ಯಾಕಣ್ಣಾ, ಊರಿಗೆಲ್ಲ ಪಂಪು ಕೊಡ್ತೀಯ, ಅತ್ತಿಗೆಗೊಂದು ಕೊಡಬಾರದಾ?"

"ಪಂಪು ಹಾಕಿದ್ರೆ ಲೆಕ್ಕಕ್ಕಿಲ್ಲ," ಎಂದ ಯಾರ್ಡಿನ ಮೇಲ್ವಿಚಾರಕ. ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡ, ನಗು ಬಾರದ ಮನುಷ್ಯ. "ನಾಳೆ ಐದು ಗಂಟೆಗೆ ಬರ್ತೀನಿ."

ನೀರು ಒಳಗೆ ಬರುವುದನ್ನು ನೋಡುತ್ತ ಕೈಕಟ್ಟಿ ಕೂರುವುದೆಂದರೆ ಯಾಕಣ್ಣನಿಗೆ ಜೀವ ಹಿಂಡಿದಂತೆ. ಕೈ ತಡೆಯಲಾರದೆ ಪೆನ್ಸಿಲ್ ತೆಗೆದು ಪಕ್ಕೆಮರದ ಮೇಲೆ ನೀರಿನ ಮಟ್ಟಕ್ಕೊಂದು ಗುರುತು ಹಾಕಿದ. ಗಂಟೆಯ ಮೇಲೆ ಇನ್ನೊಂದು ಹಾಕಿದ. ನಡುವೆ ನಾಲ್ಕು ಬೆರಳು. ಮುಂದಿನ ಗಂಟೆಗೆ ಮೂರು. ಅದರ ಮುಂದಿನದಕ್ಕೆ ಮೂರಕ್ಕೆ ಸ್ವಲ್ಪ ಕಮ್ಮಿ. ಅಲ್ಲಿಂದಾಚೆಗೆ ಅವನಿಗೆ ಭಯ ಮರೆತೇಹೋಯಿತು. ಮುಂದಿನದು ಎಷ್ಟಾಗಬಹುದು? ಬಿಸಿಲಿನ ಕಡೆಯ ಹಲಗೆ ನಿಧಾನವಾಗಿ ಕುಡಿಯುತ್ತದೆಯೇ? ತಳದ ಹಲಗೆ ಮೊದಲು ಉಬ್ಬುತ್ತದೆಯೇ? ಒದ್ದೆ ಹಲಗೆಯ ಮೇಲೆ ಕಿವಿಯಿಟ್ಟು ಮಲಗಿದ. ಒಳಗೆ ಎಲ್ಲೋ ಕಿರ್ರ್ ಎಂದು ಸಣ್ಣಗೆ ಸದ್ದಾಗುತ್ತಿತ್ತು. ಯಾರೂ ಮುಟ್ಟದೆ, ಯಾವ ಸ್ಪ್ಯಾನರೂ ಇಲ್ಲದೆ, ದೋಣಿ ತನ್ನನ್ನು ತಾನೇ ಬಿಗಿ ಮಾಡಿಕೊಳ್ಳುತ್ತಿತ್ತು.

ಸಂಜೆಯ ಹೊತ್ತಿಗೆ ಒಂದು ಬೆರಳು. ಮರುದಿನ ಬೆಳಿಗ್ಗೆ ನೀರು ಅವನ ಮೊಣಕಾಲು ಮುಟ್ಟಿತ್ತು, ದೋಣಿ ತಗ್ಗಿ ಹಳದಿ ಗೆರೆ ಮುಳುಗಿತ್ತು. ಹನ್ನೆರಡಕ್ಕೆ ಅರ್ಧ ಬೆರಳು. ಎರಡಕ್ಕೆ ಕೂದಲೆಳೆ. ಮೂರಕ್ಕೆ ಪೆನ್ಸಿಲ್ ಇಟ್ಟರೆ ಎರಡರ ಗುರುತಿನ ಮೇಲೇ ಕೂತಿತು. ನಂಬಿಕೆ ಬಾರದೆ ನಾಲ್ಕಕ್ಕೂ ಇಟ್ಟ. ಅಲ್ಲೇ ಇತ್ತು.

ಐದಕ್ಕೆ ಬಂದ ಮೇಲ್ವಿಚಾರಕ ಬಗ್ಗಿ ನೋಡಿದ. "ಒಳಗೆ ಇಷ್ಟು ನೀರಿದೆ. ಇದಕ್ಕೆ ತೇಲೋದು ಅಂತಾರಾ?"

ಯಾಕಣ್ಣ ಪಕ್ಕೆಮರದ ಗುರುತುಗಳನ್ನು ತೋರಿಸಿದ. ಮೇಲ್ವಿಚಾರಕ ಒಂದೇ ಕಡೆ ಬಿದ್ದ ಕೊನೆಯ ಮೂರನ್ನು ಎರಡೆರಡು ಸಲ ನೋಡಿ, "ನೀರೆತ್ತಿ ಹಾಕಿ ನೋಡೋಣ. ಹೊಸದಾಗಿ ಬರದಿದ್ರೆ ಸರಿ," ಎಂದು ಕಟ್ಟೆಯ ಮೇಲೆ ಕೂತ.

ಇಬ್ಬರು ಹಿಡಿದುಕೊಂಡು ಮಾವನನ್ನು ದೋಣಿಗಿಳಿಸಿದರು. ಏಳು ವರ್ಷದ ಮೇಲೆ ಅವನು ತನ್ನ ಜಾಗದಲ್ಲಿ ಕೂತ, ಎರಡೂ ಕಾಲು ನೀರಿನಲ್ಲಿ. ಕೂತವನು ಒಂದು ತಗಡಿನ ಡಬ್ಬ ಅಳಿಯನ ಕೈಗೆ ಕೊಟ್ಟ.

"ಈಗಲಾದ್ರೂ ಅಂಗಡಿಯಿಂದ ಪಂಪು ತರ್ಲಾ ಮಾವ? ಹತ್ತು ನಿಮಿಷದ ಕೆಲಸ."

"ಯಾಕೆ? ಕೈ ಇಲ್ವೇನೋ ನಿಂಗೆ?"

ಆ 'ನಿಂಗೆ' ಕೇಳಿದ್ದೇ ಯಾಕಣ್ಣ ಮುಖ ತೋರಿಸದೆ ಬಗ್ಗಿ ನೀರೆತ್ತಿ ಹಾಕತೊಡಗಿದ. ಇನ್ನೊಂದು ಕಡೆಯಿಂದ ಹೆಂಡತಿ ಬಕೆಟ್ಟಿನಲ್ಲಿ ಎತ್ತಿದಳು. ನೀರು ಇಳಿದಂತೆ ದೋಣಿ ಮೇಲೆದ್ದಿತು. ಮೊದಲು ಮೂತಿಯ ಹತ್ತಿರ, ಆಮೇಲೆ ಉದ್ದಕ್ಕೂ ಹಳದಿ ಗೆರೆ ನೀರಿನಿಂದ ಹೊರಗೆ ಬಂತು. ಮಾವ ಬಗ್ಗಿ ಅದನ್ನೇ ನೋಡುತ್ತಿದ್ದ, ಕಣ್ಣು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಕಾಲಡಿಯ ಹಲಗೆ ಕಂಡಿತು, ಅದರ ಕೆಳಗಿನ ತಳವೂ ಕಂಡಿತು. ಕಾದರು. ಹೊಸ ನೀರು ಬರಲಿಲ್ಲ. ಮೇಲ್ವಿಚಾರಕ ಕಿವಿಯ ಮೇಲಿನ ಪೆನ್ನು ತೆಗೆದ.

ಮಾವ ಬಗ್ಗಿ ಸಂದಿನ ಮೇಲೆ ಉಗುರು ಒತ್ತಿ ನೋಡಿದ. ಹಲಗೆಗೆ ಹಲಗೆ ಸೇರಿಕೊಂಡಿತ್ತು.

"ಮುಚ್ಚಿ ಕೊಟ್ಯಲ್ಲೋ," ಎಂದ.

ಡಬ್ಬದಲ್ಲಿ ಬರಲು ನೀರೇ ಉಳಿದಿರಲಿಲ್ಲ, ಆದರೂ ಯಾಕಣ್ಣ ಎತ್ತಿ ಹಾಕುತ್ತಲೇ ಇದ್ದ.