ಓನರ್ ಆಂಟಿಯ ದೃಷ್ಟಿಬೊಂಬೆ

ಗೆಳೆಯರೇ, ಇವತ್ತು ಬೆಳಿಗ್ಗೆ ನನ್ನ ಡೆತ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ರೆಕಾರ್ಡ್ ಒಂದರ ಕವರ್ ಕಾಣೆಯಾಯಿತು. ತೊಂಬತ್ತರ ದಶಕದ ಶುರುವಿನ ಆಲ್ಬಮ್ ಅದು. ಆಗಲೂ ಯಾರೂ ಕೇಳಲಿಲ್ಲ, ಈಗಲೂ ಕೇಳುವವರಿಲ್ಲ. ಮೂರನೇ ಹಾಡಿನಲ್ಲಿ ಡ್ರಮ್ಮರ್ ಸುಸ್ತಾಗಿ ತಾಳದಲ್ಲಿ ಹಿಂದೆ ಬೀಳುವುದೂ ನನಗೆ ಪ್ರೀತಿಯೇ. ಬೂಷ್ಟು ಹಿಡಿದಿದ್ದ ಕವರನ್ನು ಕಾಂಪೌಂಡ್ ಮೇಲೆ ಬಿಸಿಲಿಗಿಟ್ಟು ಸ್ನಾನಕ್ಕೆ ಹೋಗಿದ್ದೆ.

ಬಂದು ನೋಡಿದರೆ, ನಮ್ಮ ಓನರ್ ಆಂಟಿ ಪಕ್ಕದ ಸೈಟಿನಲ್ಲಿ ಕಟ್ಟಿಸುತ್ತಿರುವ ಮನೆಯ ಮುಂದೆ ನೇತಾಡುತ್ತಿದೆ! ಕವರಿನ ಮೇಲಿದ್ದ ಕೋರೆಹಲ್ಲಿನ ರಾಕ್ಷಸನ ಹಣೆಗೆ ಕುಂಕುಮ, ಕೆಳಗೆ ನಿಂಬೆಹಣ್ಣು, ಮೆಣಸಿನಕಾಯಿ.

"ಆಂಟಿ, ಅದು ನಂದು."

"ಗೊತ್ತು ಕಣಪ್ಪಾ. ದೃಷ್ಟಿಬೊಂಬೆ ತರ್ಬೇಕು ಅಂತ ನಿನ್ನೆ ತಾನೆ ನಿನ್ ಹತ್ರ ಅಂದಿದ್ದೆ. ಮರೀದೆ ತಂದಿಟ್ಟಿದ್ಯಲ್ಲ! ನಮ್ ಮಕ್ಳೂ ಇಷ್ಟು ಮಾಡಲ್ಲ" ಎಂದು ಆಂಟಿ ಬೆನ್ನು ತಟ್ಟಿದರು.

ವಾಪಸ್ ಕೊಡಿ ಎನ್ನಲು ಬಾಯಿ ಬರಲಿಲ್ಲ. "ಮಳೆ ಬಂದ್ರೆ ನೆನೆಯುತ್ತೆ ಆಂಟಿ" ಎಂದಷ್ಟೇ ಅಂದೆ.

"ಪ್ಲಾಸ್ಟಿಕ್ ಸುತ್ತಿದೀನಿ ಬಿಡು. ಇನ್ನೊಂದು ಸಿಗುತ್ತಾ? ಲಗ್ಗೆರೇಲಿ ನಮ್ ತಂಗೀನೂ ಮನೆ ಕಟ್ಟಿಸ್ತಾ ಇದಾಳೆ."

ಇಷ್ಟು ವರ್ಷಗಳಲ್ಲಿ ಈ ಆಲ್ಬಮ್ಮಿನ ಇನ್ನೊಂದು ಪ್ರತಿ ಬೇಕೆಂದು ಯಾರಾದರೂ ಕೇಳಿದ್ದು ಇದೇ ಮೊದಲು.