ಬಸ್ ಪಾಸಿನ ಫೋಟೋ

ಚಿಕ್ಕತಾಯಮ್ಮನವರೇ, ನಿಮ್ಮ ಗೋಡೆಯ ಮೇಲಿರುವ ಫೋಟೋದಲ್ಲಿ ಮುಖ ನಿಮ್ಮ ಮಗಳದು. ಕಣ್ಣು ಅವಳದಲ್ಲ. ಅದನ್ನು ಅಂಟಿಸಿದವನು ನಾನು.

ಆರು ವರ್ಷದ ಹಿಂದೆ, ನಿಮ್ಮ ಮಗಳು ಸವಿತಾಳ ತಿಥಿಗೆ ಎರಡು ದಿನ ಮುಂಚೆ, ಬಿಂಡಿಗನವಿಲೆಯಿಂದ ಬಸ್ಸಿನಲ್ಲಿ ನಾಗಮಂಗಲದ ನನ್ನ ಸ್ಟುಡಿಯೋಗೆ ಬಂದಿರಿ. ಅವಳೊಬ್ಬಳೇ ಇರುವ ಫೋಟೋ ಎಂದರೆ ಕಾಲೇಜಿನ ಬಸ್ ಪಾಸಿನದು ಮಾತ್ರ. ಅದರ ಮೇಲೆ ನೇರಳೆ ಸೀಲು — ಸರಿಯಾಗಿ ಎರಡೂ ಕಣ್ಣಿನ ಮೇಲೆ. "ಈ ಮಸಿ ತಗ್ದು ದೊಡ್ದು ಮಾಡ್ಕೊಡಪ್ಪ, ಎಡೆ ಮುಂದೆ ಇಡ್ಬೇಕು" ಎಂದಿರಿ.

ಆಗಷ್ಟೇ ಹೊಸ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಸಿದ್ದೆ. ಮಸಿಯನ್ನು ಮಾತ್ರ ತೆಗೆದು ಕೆಳಗಿನ ಚಿತ್ರ ಉಳಿಸುವ ಸೌಲಭ್ಯ ಅದರಲ್ಲಿತ್ತು. ಒತ್ತಿದೆ. "ನಿಮ್ಮ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಇದಕ್ಕೆ ಹೊಂದುವುದಿಲ್ಲ" ಎಂಬ ಸಾಲು ಪರದೆಯ ಮೇಲೆ ಬಂತು. ಮತ್ತೆ ಒತ್ತಿದೆ. ಅದೇ ಸಾಲು. ಪಾಂಡವಪುರದ ಗೆಳೆಯನ ಸ್ಟುಡಿಯೋದಲ್ಲಿ ಹೊಂದುವ ಕಾರ್ಡಿತ್ತು — ಅಲ್ಲಿಗೆ ಕಳಿಸಿದ್ದರೆ... ಕಳಿಸಲಿಲ್ಲ. ನನ್ನ ಕೈಲಾಗದು ಎನ್ನಲು ನಾಚಿಕೆಯಾಯಿತು. ಸತ್ತವರ ಮುಖಕ್ಕೆ ಕೋಟು, ರೇಷ್ಮೆ ಸೀರೆ ಅಂಟಿಸುವುದು ನಮಗೆ ದಿನದ ಕೆಲಸ. ಕಣ್ಣೂ ಹಾಗೇ ಅಂದುಕೊಂಡೆ. ಪಾಸ್‌ಪೋರ್ಟ್ ಫೋಟೋಗಳ ಫೋಲ್ಡರಿನಲ್ಲಿ ಅವಳದೇ ವಯಸ್ಸಿನ ಹುಡುಗಿಯೊಬ್ಬಳು ಸಿಕ್ಕಳು — ಯಾರೋ.

ನೀವು ಫ್ರೇಮನ್ನು ತುಂಬ ಹೊತ್ತು ನೋಡಿದಿರಿ. "ನನ್ ಮಗ್ಳೇ ಕಣಪ್ಪ. ಆದ್ರೆ ಇಂಗ್ ನೆಟ್ಟಗೆ ನೋಡ್ತಿರ್ಲಿಲ್ಲ... ಓಗ್ಲಿ ಬುಡು, ಸತ್ಮೇಲೆ ಎಲ್ರೂ ಅಂಗೇ ನೋಡ್ತಾರೇನೋ."

ನಾನು ಫ್ರೇಮನ್ನು ಪೇಪರಿನಲ್ಲಿ ಸುತ್ತಿ ಕೊಟ್ಟೆ.

ಹೋದ ವಾರ ನಿಮ್ಮ ಮಗನ ಕೂಸಿನ ನಾಮಕರಣಕ್ಕೆ ಫೋಟೋ ತೆಗೆಯಲು ಬಂದೆ. ಕೂಸನ್ನು ಆ ಗೋಡೆಯ ಹತ್ತಿರ ಎತ್ತಿ ಹಿಡಿದು, "ನೋಡೇ, ನಿಮ್ಮತ್ತೆ ಎಂಗ್ ಗುರಾಯಿಸ್ತಾವ್ಳೆ!" ಎಂದಿರಿ. ಎಲ್ಲರೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ — "ಮೊದ್ಲು ಎಂಗ್ ನೋಡ್ತಿದ್ಲು ಅನ್ನೋದೇ ಮರ್ತೋಯ್ತು ಕಣಪ್ಪ. ಕಣ್ ಮುಚ್ಚಿದ್ರೆ ಈ ಫೋಟೋದ್ ಕಣ್ಣೇ ಬತ್ತದೆ."

ಅಲ್ಲಿಯವರೆಗೆ ನಾನು ಒಂದು ಕಾಗದದ ಮೇಲೆ ಸುಳ್ಳು ಮಾಡಿದ್ದೇನೆ ಎಂದುಕೊಂಡಿದ್ದೆ. ನಿಮ್ಮೊಳಗೆ ಇದ್ದ ಮಗಳನ್ನೂ —

ಸ್ಟುಡಿಯೋಗೆ ಬಂದು ಪಾಸಿನ ಹಳೆಯ ಸ್ಕ್ಯಾನ್ ಹುಡುಕಿದೆ. ಈಗ ನನ್ನಲ್ಲೂ ಹೊಂದುವ ಕಾರ್ಡಿದೆ. ಮೂರು ವರ್ಷದಿಂದ ಇದೆ. ಒತ್ತಿದೆ. ನೇರಳೆ ಹೋಯಿತು. ಕಣ್ಣು ಕೆಳಗೇ ಇತ್ತು, ಅಷ್ಟು ವರ್ಷವೂ. ಎಡಗಣ್ಣಿನ ರೆಪ್ಪೆ ಕೊಂಚ ಇಳಿದಿದೆ, ನಗು ತಡೆದುಕೊಂಡವಳ ಹಾಗೆ.

ನಿಮಗೆ ಓದು ಬರುವುದಿಲ್ಲವೆಂದು ಗೊತ್ತು. ನಾಳೆ ಮೊದಲ ಬಸ್ಸಿಗೆ ಬಂದು ಈ ಪತ್ರವನ್ನು ನಾನೇ ಓದುತ್ತೇನೆ, ಓದಿದ ಮೇಲೆ ಅವಳದೇ ಕಣ್ಣಿರುವ ಹೊಸ ಫೋಟೋ ನಿಮ್ಮ ಕೈಗೆ ಕೊಡುತ್ತೇನೆ. ಅದನ್ನು ನೋಡಿ ನೀವು, ಇವ್ಳು ಯಾರಪ್ಪ, ಎಂದು ಕೇಳಿದರೆ — ಅದಕ್ಕೂ ನಾನೇ ಉತ್ತರ ಹೇಳಬೇಕು.