ಇಂದ್ರಾಣಿ ಮೇಡಂ ಬಿಟ್ಟ ಪಾಠ

ಆನೆ ಎಷ್ಟು ತಿಂಗಳು ಗರ್ಭ ಹೊರುತ್ತದೆ ಎಂದು ಬಿಟಿಎಂ ಲೇಔಟಿನ ಆ ಕೋಚಿಂಗ್ ಸೆಂಟರಿನಲ್ಲಿ ಯಾರನ್ನು ಕೇಳಿದರೂ ಥಟ್ಟನೆ ಹೇಳುತ್ತಾರೆ, ಇಪ್ಪತ್ತೆರಡು ಎಂದು. ಹೇಳಿಕೊಟ್ಟವರು ಇಂದ್ರಾಣಿ ಮೇಡಂ. ಕಾನ್‌ಸ್ಟೆಬಲ್ ಪರೀಕ್ಷೆ, ಎಫ್‌ಡಿಎ ಪರೀಕ್ಷೆ ಎಂದು ದೂರದ ಊರುಗಳಿಂದ ಬಂದು ಪಿಜಿಗಳಲ್ಲಿ ತುಂಬಿಕೊಂಡಿರುವ ಹುಡುಗ ಹುಡುಗಿಯರಿಗೆ ಅವಳು ಸಾಮಾನ್ಯ ಜ್ಞಾನ ಹೇಳಿಕೊಡುತ್ತಾಳೆ. ಮಂಗೋಲಿಯಾದ ರಾಜಧಾನಿಯಿಂದ ಹಿಡಿದು ದೇಹದ ಅತಿ ಚಿಕ್ಕ ಮೂಳೆಯವರೆಗೆ ಎಲ್ಲವೂ ನಾಲಿಗೆಯ ತುದಿಯಲ್ಲೇ. ಅರೆಕೆರೆಯ ಅವಳ ಬೀದಿಯಲ್ಲಿ ಟೀವಿಯಲ್ಲಿ ಕ್ವಿಜ್ ಬಂದರೆ ಪಕ್ಕದ ಮನೆಯವರು ಉತ್ತರ ಬರುವತನಕ ಕಾಯುವುದಿಲ್ಲ. ಕಿಟಕಿಯಿಂದಲೇ ಕೂಗಿ ಅವಳನ್ನು ಕೇಳುತ್ತಾರೆ.

ಇಷ್ಟೆಲ್ಲ ಗೊತ್ತಿರುವ ಇಂದ್ರಾಣಿಗೆ ಮಕ್ಕಳಿಲ್ಲ. ನಲವತ್ತು ದಾಟಿದೆ. ಸಂಬಂಧಿಕರ ಮನೆಯ ಸೀಮಂತಕ್ಕೆ ಕರೆಯುತ್ತಾರೆ, ಆದರೆ ಮಡಿಲು ತುಂಬುವ ಹೊತ್ತಿಗೆ "ನೀವು ಸ್ವಲ್ಪ ಊಟದ ಕಡೆ ನೋಡ್ಕೊಳ್ಳಿ ಅಕ್ಕ" ಎಂದು ಮೆಲ್ಲಗೆ ಆಚೆ ಕಳಿಸುತ್ತಾರೆ. ಅವಳೂ ಹೋಗಿ ಪಾಯಸದ ಸೌಟು ಹಿಡಿದು ನಿಲ್ಲುತ್ತಾಳೆ. ಹಾಗೆ ನಿಂತು ನಿಂತು ಅಭ್ಯಾಸವಾಗಿದೆ ಎಂದು ಅವಳು ಹೇಳಿಕೊಂಡರೂ ಅದು ಸುಳ್ಳು.

ಗಂಡ ಯುವರಾಜ್ ಬಿಕಾಂ ಓದಿದವನು, ಬನಶಂಕರಿಯಲ್ಲಿ ಒಂದು ಕಂಪನಿಯ ಸ್ಟೋರ್ಸ್ ನೋಡಿಕೊಳ್ಳುತ್ತಾನೆ. ಮೇಲಿನ ಮಹಡಿಯಲ್ಲಿ ಅವನ ತಮ್ಮ ಮಹೇಶನ ಸಂಸಾರ. ಕೆಳಗಿನ ಮನೆಗೆ ಯಜಮಾನಿ ಅತ್ತೆ ಕೆಂಪಕ್ಕ. ಕೆರೆಯ ಹಿಂದಿದ್ದ ಅವರ ರಾಗಿ ಹೊಲದ ಮೇಲೆ ಈಗ ಅಪಾರ್ಟ್‌ಮೆಂಟ್ ನಿಂತಿದೆ. ಹೊಲ ಹೋದರೂ ಕೆಂಪಕ್ಕನ ಬುದ್ಧಿ ಇನ್ನೂ ಹೊಲದಲ್ಲೇ ಇತ್ತು. ಹಾಗೆಂದು ಅವಳು ಕೆಟ್ಟವಳಲ್ಲ. ಸೊಸೆಯ ತಲೆಗೆ ಎಣ್ಣೆ ತಟ್ಟಿ ನೀರು ಹಾಕಿದವಳು, ಅವಳನ್ನು ಬಂಜೆ ಎಂದ ತನ್ನ ಓರಗಿತ್ತಿಯ ಮನೆಗೆ ಮತ್ತೆ ಕಾಲಿಡದವಳು. ಕೆಟ್ಟವಳಾಗಿದ್ದರೆ ಇಂದ್ರಾಣಿ ಇವತ್ತು ಅವಳನ್ನು ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಮದುವೆಯಾಗಿ ಒಂದೆರಡು ವರ್ಷ ಕಳೆದರೂ ಬಸಿರಾಗದಿದ್ದಾಗ ಕೆಂಪಕ್ಕನೇ ಸೊಸೆಯನ್ನು ಹಿತ್ತಲಿಗೆ ಕರೆದು ಹೇಳಿದ್ದಳು: "ನೋಡವ್ವ, ಮಳೆ ಬಿದ್ದು ನೆಲ ಹಸಿ ಇರೋವಾಗ್ಲೇ ಬಿತ್ತಬೇಕು. ಹೆಂಗಸಿನ ಮೈನೂ ಹಂಗೇಯ. ಮುಟ್ಟು ಕಳದು ತಲೆಗೆ ನೀರು ಹಾಕ್ಕಂಡ ಮ್ಯಾಕೆ ಒಂದು ವಾರ ಗಂಡನ ಜೊತೆ ಇರು. ಆಮೇಲೆ ಬನಶಂಕರಮ್ಮನ ದೀಪ ಹಿಡಿ. ದೀಪ ಹಿಡಿದ ಮೇಲೆ ಮುಂದಿನ ಸಲ ಹೊರಗಾಗೋ ತಂಕ ಅವನ ಮಗ್ಗುಲಿಗೆ ಹೋಗ್ಬೇಡ. ಅಮ್ಮ ಕಣ್ಣು ಬಿಡ್ತಾಳೆ."

ಇಂದ್ರಾಣಿ ತಲೆಯಾಡಿಸಿದಳು. ಹಸಿ ನೆಲದ ಮಾತು ಅವಳಿಗೆ ಸರಿಯಾಗಿಯೇ ಕಂಡಿತು. ಅದು ಸರಿಯಲ್ಲ ಎಂದು ಹೇಳುವುದಕ್ಕೆ ಅವಳ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ಅಂದಿನಿಂದ ತಿಂಗಳು ತಿಂಗಳೂ ಅದೇ ಕ್ರಮ. ಒಂದು ವಾರ ಗಂಡನ ಕೋಣೆ, ಮಿಕ್ಕ ದಿನವೆಲ್ಲ ಮುಂದಿನ ಹಾಲ್‌ನಲ್ಲಿ ಅತ್ತೆಯ ಪಕ್ಕದ ಚಾಪೆ. ಮಂಗಳವಾರ, ಶುಕ್ರವಾರ ರಾಹುಕಾಲಕ್ಕೆ ಸರಿಯಾಗಿ ಬನಶಂಕರಿಯ ಗುಡಿ. ನಿಂಬೆಹಣ್ಣು ಹೆಚ್ಚಿ, ರಸ ಹಿಂಡಿ, ಸಿಪ್ಪೆಯನ್ನು ಒಳಹೊರಗು ಮಾಡಿ, ತುಪ್ಪ ಹಾಕಿ ಬತ್ತಿ ಹಚ್ಚುವುದು. ಬೆರಳುಗಳಿಂದ ಆ ಹುಳಿ ವಾಸನೆ ಹೋಗುತ್ತಲೇ ಇರಲಿಲ್ಲ. ಬಸಿರು ನಿಲ್ಲದಿದ್ದಾಗ ಅವಳು ಹರಕೆಯನ್ನು ಇನ್ನೂ ಬಿಗಿ ಮಾಡಿದಳು. ಗಂಡ ಒಮ್ಮೊಮ್ಮೆ ಹಾಲಿಗೆ ಬಂದು ನಿಂತು ಹೋಗುತ್ತಿದ್ದ. ಅವಳು ಮುಸುಕು ಎಳೆದುಕೊಂಡು ಮಲಗಿಬಿಡುತ್ತಿದ್ದಳು. ಆ ಕಾಲದಲ್ಲಿ ಒಬ್ಬ ಡಾಕ್ಟರ ಬಳಿಯೂ ಹೋಗಿ ಬಂದಿದ್ದರು. ಟೆಸ್ಟುಗಳಲ್ಲಿ ಇಬ್ಬರಿಗೂ ಏನೂ ತೊಂದರೆ ಕಾಣಲಿಲ್ಲ. "ಮಿಕ್ಕಿದ್ದೆಲ್ಲಾ ಸರಿಯಾಗಿದೆ ತಾನೇ?" ಎಂದು ಡಾಕ್ಟರು ಕೇಳಿದಾಗ ಇಬ್ಬರೂ ನೆಲ ನೋಡುತ್ತ ಹೂಂ ಅಂದರು. ಇಬ್ಬರೂ ಡಿಗ್ರಿ ಓದಿದವರು, ಇನ್ನೇನು ಕೇಳುವುದು ಎಂದು ಡಾಕ್ಟರೂ ಬಿಟ್ಟರು.

ಈ ಕಾರ್ತಿಕದಲ್ಲಿ ಇಂದ್ರಾಣಿ ಜಯನಗರದ ಒಂದು ಕ್ಲಿನಿಕ್ಕಿಗೆ ಹೋದದ್ದು ಮಗುವಿಗಾಗಿ ಅಲ್ಲ. ಮುಟ್ಟು ಎರಡು ತಿಂಗಳು ಕಾಣೆಯಾಗುವುದು, ಬಂದರೆ ನಿಲ್ಲದೆ ಹೋಗುವುದು, ಹೀಗೆ ಏರುಪೇರಾಗಿತ್ತು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮಕ್ಕಳು ಎಷ್ಟು ಜನ ಎಂದು ಕೇಳಿದಳು. ಇಲ್ಲ ಎಂದ ಮೇಲೆ, ಟ್ರೀಟ್‌ಮೆಂಟ್ ಏನಾದರೂ ತಗೊಂಡಿದ್ದಿರಾ ಎಂದಳು.

"ಟೆಸ್ಟ್ ಎಲ್ಲಾ ಮಾಡ್ಸಿದ್ವಿ ಡಾಕ್ಟ್ರೇ. ಏನೂ ಪ್ರಾಬ್ಲಮ್ ಇಲ್ಲ ಅಂದ್ರು. ಆಮೇಲೆ ದೇವರ ಮೇಲೆ ಭಾರ ಹಾಕಿ ಹರಕೆ ಹಿಡ್ಕೊಂಡೇ ಬಂದೆ."

"ಏನು ಹರಕೆ?" ಡಾಕ್ಟರು ಸುಮ್ಮನೆ ಮಾತಿಗೆ ಕೇಳಿದ್ದು.

ಇಂದ್ರಾಣಿ ಹೇಳಿದಳು. ನೀರು ಹಾಕಿಕೊಂಡ ಮೇಲಿನ ವಾರ, ಆಮೇಲೆ ದೀಪ, ಹಾಲಿನ ಚಾಪೆ, ಎಲ್ಲವನ್ನೂ. ಬರೆಯುತ್ತಿದ್ದ ಡಾಕ್ಟರ ಕೈ ನಿಂತಿತು.

"ಪ್ರತಿ ತಿಂಗಳೂ ಹೀಗೇನಾ?"

"ಒಂದು ತಿಂಗಳೂ ತಪ್ಪಿಸಿಲ್ಲ" ಎಂದಳು ಇಂದ್ರಾಣಿ. ದನಿಯಲ್ಲಿ ಒಂದಿಷ್ಟು ಹೆಮ್ಮೆಯೇ ಇತ್ತು.

ಡಾಕ್ಟರು ಒಂದು ಚೀಟಿಯನ್ನು ಮಗುಚಿ ಅದರ ಬೆನ್ನ ಮೇಲೆ ಉದ್ದಕ್ಕೆ ಗೆರೆ ಎಳೆದಳು. ಈ ತುದಿ ಮುಟ್ಟು, ಆ ತುದಿ ಮುಂದಿನ ಮುಟ್ಟು. "ನಿಮಗೆ ಮೊದಲಿಂದಲೂ ಡೇಟ್ ತಡವಾಗಿ, ಮೂವತ್ತೈದು ನಲವತ್ತು ದಿನಕ್ಕೇ ಬರ್ತಿತ್ತು ಅಂದ್ರಿ ಅಲ್ವಾ? ಅಂಡಾಣು ಬಿಡುಗಡೆ ಆಗೋದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಇದ್ದಾಗ. ಮಗು ಆಗೋ ಚಾನ್ಸ್ ಇರೋದು ಅದರ ಹಿಂದಿನ ಕೆಲವು ದಿನ, ಆ ದಿನ, ಅಷ್ಟೇ." ಗೆರೆಯ ಮೇಲೆ ಒಂದು ಕಡೆ ಸುತ್ತು ಹಾಕಿದಳು. ಅದು ದೀಪದ ದಿನಗಳ ಸರಿಯಾಗಿ ನಡುವೆ ಬಿತ್ತು.

ಇಂದ್ರಾಣಿ ಆ ಸುತ್ತನ್ನೇ ನೋಡಿದಳು. "ಅಂದ್ರೆ, ಹರಕೆ ಇಲ್ದೇ ಇದ್ದಿದ್ರೆ..."

"ಖಂಡಿತ ಆಗ್ತಿತ್ತು ಅಂತ ನಾನು ಹೇಳಕ್ಕಾಗಲ್ಲ ಮೇಡಂ."

"ಈಗ?"

ಇಂದ್ರಾಣಿ ಮಾಡಿಸಿ ತಂದಿದ್ದ ಸ್ಕ್ಯಾನಿನ, ರಕ್ತದ ಟೆಸ್ಟಿನ ಹಾಳೆಗಳನ್ನು ಡಾಕ್ಟರು ಮತ್ತೊಮ್ಮೆ ನೋಡಿದಳು. "ಈಗ ಮುಟ್ಟು ನಿಲ್ಲೋ ಕಾಲ ಮೇಡಂ. ಸ್ವಲ್ಪ ಬೇಗನೇ ಬಂದಿದೆ." ಆಮೇಲೆ ತಡೆಯಲಾರದೆ ಕೇಳಿದಳು. "ಇದು ಟೆಂತ್ ಬುಕ್ಕಲ್ಲೇ ಇರತ್ತಲ್ಲ. ನೀವು ಟೀಚರ್ ಅಲ್ವಾ?"

ಅವಳು ಚುಚ್ಚಲು ಕೇಳಿದ್ದಲ್ಲ. ಇಂದ್ರಾಣಿ ಆ ಚೀಟಿಯನ್ನು ಕೇಳಿ ತೆಗೆದುಕೊಂಡು ಬ್ಯಾಗಿಗೆ ಹಾಕಿದಳು.

ಟೆಂತ್ ಬುಕ್ಕಿನಲ್ಲಿ ಇತ್ತು, ನಿಜ. ವಿಜ್ಞಾನದ ಶಶಿಧರ್ ಮೇಷ್ಟ್ರು ಒಳ್ಳೆಯ ಮೇಷ್ಟ್ರು. ಮಸೂರದ ಚಿತ್ರ ಅವರು ಬೋರ್ಡಿನ ಮೇಲೆ ಬರೆದರೆ ಅಳಿಸಲು ಮನಸ್ಸು ಬರುತ್ತಿರಲಿಲ್ಲ. ಅಂಥವರು ಆ ಪಾಠ ಬಂದ ದಿನ ಸೀಮೆಸುಣ್ಣವನ್ನು ಕೈಯಿಂದ ಕೈಗೆ ಬದಲಾಯಿಸುತ್ತ, "ಇದು ನೀವೇ ಓದಿಕೊಳ್ಳಿ, ಸುಲಭವಿದೆ" ಎಂದು ಮುಂದಿನ ಪಾಠಕ್ಕೆ ಹೋದರು. ಹಿಂದಿನ ಬೆಂಚಿನ ಹುಡುಗರು ಕೆಮ್ಮಿದರು. ಹುಡುಗಿಯರು ತಲೆ ತಗ್ಗಿಸಿದರು. ಕ್ಲಾಸಿಗೇ ಮೊದಲಿಗಳಾದ ಇಂದ್ರಾಣಿ ಮನೆಗೆ ಹೋಗಿ ಮಾಡಿದ ಮೊದಲ ಕೆಲಸವೆಂದರೆ, ಅಪ್ಪನಾಗಲಿ ಅಣ್ಣನಾಗಲಿ ಪುಸ್ತಕ ತೆರೆದರೆ ಆ ಚಿತ್ರಗಳು ಕಾಣಬಾರದೆಂದು, ಅನ್ನದ ಅಗುಳು ಹಚ್ಚಿ ಆ ಪುಟಗಳನ್ನು ಒಂದಕ್ಕೊಂದು ಅಂಟಿಸಿದ್ದು. ಪರೀಕ್ಷೆಯಲ್ಲಿ ಆ ಪಾಠದ ಪ್ರಶ್ನೆ ಬಂದಾಗ ಚಾಯ್ಸ್ ಇತ್ತು. ಅವಳು ಯೀಸ್ಟ್ ಮೊಗ್ಗೊಡೆಯುವುದರ ಬಗ್ಗೆ ಬರೆದು ಪೂರ್ತಿ ಅಂಕ ತೆಗೆದಳು. ಪಿಯುಸಿಗೆ ಆರ್ಟ್ಸ್ ಸೇರಿದಳು. ಆಮೇಲೆ ಆ ಪುಟಗಳನ್ನು ಬಿಡಿಸಿ ನೋಡುವ ಸಂದರ್ಭವೇ ಬರಲಿಲ್ಲ.

ಬನ್ನೇರುಘಟ್ಟ ರಸ್ತೆಯ ಬಸ್ಸಿನಲ್ಲಿ ಅವಳ ಇಬ್ಬರು ಸ್ಟೂಡೆಂಟ್‌ಗಳು ಎದ್ದು ಸೀಟು ಬಿಟ್ಟುಕೊಟ್ಟರು. "ಮೇಡಂ, ನಾಳೆ ಟೆಸ್ಟ್ ಇದ್ಯಾ?" ಎಂದು ಕೇಳಿದರು. ಇದೆ ಎಂದಳು. ಕಿಟಕಿಯ ಕಡೆ ಮುಖ ಮಾಡಿ ಕೂತಳು. ಎಷ್ಟು ಹರಕೆ, ಎಷ್ಟು ನಿಂಬೆಹಣ್ಣು, ಗಂಡ ಹಾಲಿಗೆ ಬಂದು ನಿಂತು ಹಿಂದಿರುಗಿದ ಎಷ್ಟು ಸಲ. ಮಗುವನ್ನು ಬೇಡಿ ಹಾಕಿಕೊಂಡ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ದೇವರು ಕೊಡಲಿಲ್ಲ ಎಂದು ಇಷ್ಟು ವರ್ಷ ಅತ್ತಿದ್ದಳಲ್ಲ, ಆ ಅಳುವಿನಲ್ಲಿ ಒಂದು ಆಸರೆ ಇತ್ತು. ಈಗ ಅದೂ ಇರಲಿಲ್ಲ. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಸಂಜೆ ಯುವರಾಜ್ ಬಂದ ಮೇಲೆ ಕೋಣೆಯ ಬಾಗಿಲು ಮುಂದೆ ಮಾಡಿ ಚೀಟಿ ತೋರಿಸಿದಳು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿ ಕೇಳಿದಳು.

"ನಿಮಗಾದ್ರೂ ಗೊತ್ತಿರ್ಲಿಲ್ವಾ?"

"ನಮ್ ಸ್ಕೂಲಲ್ಲಿ ಆ ಪಾಠದ ದಿನ ಹುಡುಗರನ್ನೆಲ್ಲಾ ಕ್ರಿಕೆಟ್ ಆಡಕ್ಕೆ ಬಿಟ್ಬಿಟ್ರು ಕಣೇ. ಖುಷಿಯಾಗಿ ಆಡಿದ್ವಿ." ಅವನು ಚೀಟಿಯನ್ನು ಮಗುಚಿ ನೋಡಿದ. "ಅಮ್ಮ ಹೇಳಿದ್ದು, ನೀನೂ ಓದಿರೋಳು, ಸರಿ ಇರ್ಬೇಕು ಅನ್ಕೊಂಡೆ."

"ನಾನು ಓದಿರೋಳು" ಎಂದಳು ಇಂದ್ರಾಣಿ.

ಅವನು ಚೀಟಿ ಮಡಿಸಿ ಅವಳ ಕೈಗಿಟ್ಟ. "ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲ ಇಲ್ಲ. ಅಮ್ಮಂಗೆ ಹೇಳ್ಬೇಡ. ಈ ವಯಸ್ಸಲ್ಲಿ ತಡ್ಕೊಳಲ್ಲ."

ಅವಳು ಹೇಳಲಿಲ್ಲ. ಮಂಗಳವಾರ ಬಂದಾಗ ಕೆಂಪಕ್ಕ ಎಂದಿನಂತೆ ನಿಂಬೆಹಣ್ಣು ತೊಳೆದು ತಟ್ಟೆಯಲ್ಲಿಟ್ಟಿದ್ದಳು. "ಅಮ್ಮ ಮನಸ್ಸು ಮಾಡಿದ್ರೆ ಎಷ್ಟೊತ್ತು, ಹೋಗ್ಬಾ" ಎಂದಳು. ಇಂದ್ರಾಣಿ ಹೋದಳು. ಸಾಲಿನಲ್ಲಿ ಕೂತು ದೀಪ ಹಚ್ಚಿದಳು. ಏನು ಬೇಡಿಕೊಳ್ಳಬೇಕೆಂದು ತಿಳಿಯದೆ ಬತ್ತಿ ಆರುವವರೆಗೆ ಸುಮ್ಮನೆ ಕೂತಿದ್ದಳು. ದೀಪದ ಬುಡದಲ್ಲಿ ಕತ್ತಲೆ ಎಂದು ಅವಳೇ ಎಷ್ಟೋ ಸಲ ಕ್ಲಾಸಿನಲ್ಲಿ ಗಾದೆ ವಿವರಿಸಿದ್ದಳು.

ಆದರೆ ಒಂದನ್ನು ಮಾತ್ರ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು. ಮಹೇಶನ ಮಗಳು ಅರ್ಪಿತ ಈ ಸಲ ಟೆಂತ್. ಹುಟ್ಟಿದಾಗಿನಿಂದ ಮೇಲಿನ ಮಹಡಿಗಿಂತ ಕೆಳಗೇ ಹೆಚ್ಚು ಬೆಳೆದ ಹುಡುಗಿ, ಪ್ರತಿಯೊಂದಕ್ಕೂ ದೊಡ್ಡಮ್ಮನೇ ಬೇಕು. ಈ ಒಬ್ಬಳಿಗೆ ಹೇಳುತ್ತೇನೆ, ನನಗೆ ಆದದ್ದು ಇವಳಿಗೆ ಆಗಬಾರದು ಎಂದು ಇಂದ್ರಾಣಿ ನಿರ್ಧರಿಸಿದ್ದಳು. ಹೇಗೆ ಶುರುಮಾಡುವುದು, ಯಾವ ಪದ ಬಳಸುವುದು ಎಂದು ಬಸ್ಸಿನಲ್ಲಿ ಕೂತಾಗಲೆಲ್ಲ ಪಾಠ ತಯಾರು ಮಾಡುತ್ತಿದ್ದಳು. ಡಾಕ್ಟರ ಚೀಟಿ ಬ್ಯಾಗಿನಲ್ಲೇ ಇತ್ತು.

ಅವರೆಕಾಯಿಯ ಕಾಲ ಬಂತು. ಒಂದು ಭಾನುವಾರ ಮಧ್ಯಾಹ್ನ ಕೆಂಪಕ್ಕ ಹಾಲಿನಲ್ಲಿ ಕಾಲು ಚಾಚಿ ನೆನೆದ ಅವರೆ ಹಿಸುಕುತ್ತಿದ್ದಳು. ಯುವರಾಜ್ ಪೇಪರ್ ಹಿಡಿದಿದ್ದ. ಅರ್ಪಿತ ಪುಸ್ತಕದೊಂದಿಗೆ ಇಳಿದು ಬಂದು ದೊಡ್ಡಮ್ಮನ ಪಕ್ಕ ಕೂತಳು.

"ದೊಡ್ಡಮ್ಮ, ಈ ಚಾಪ್ಟರನ್ನ ನಮ್ ಸೈನ್ಸ್ ಮಿಸ್ಸು ಪಾಠ ಮಾಡ್ಲೇ ಇಲ್ಲ. ಈಸಿ ಇದೆ, ಮನೇಲಿ ಓದ್ಕೊಳ್ಳಿ ಅಂದ್ರು. ನಂಗೆ ಏನೂ ಅರ್ಥ ಆಗ್ತಿಲ್ಲ."

ಕೊಡು ಎಂದು ಇಂದ್ರಾಣಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡಳು. ಅಮೀಬಾ ಹೇಳಿದಳು. ಯೀಸ್ಟ್ ಹೇಳಿದಳು. ದಾಸವಾಳದ ಹೂವು ಕಿತ್ತು ತಂದು ಪರಾಗ ತೋರಿಸಿದಳು. ಹುಡುಗಿ ಕಣ್ಣರಳಿಸಿ ಕೇಳುತ್ತಿದ್ದಳು. ಆಮೇಲೆ ಪುಟ ತಿರುವಿದರೆ ಮನುಷ್ಯರ ಚಿತ್ರ.

"ಅದೇನ್ ಪಾಠವೇ ಅದು?" ಎಂದು ಕೆಂಪಕ್ಕ ಕತ್ತು ಚಾಚಿದಳು. ಪೇಪರಿನ ಹಿಂದೆ ಯುವರಾಜ್ ಅಲ್ಲಾಡದೆ ಕೂತ. ಅಷ್ಟರಲ್ಲಿ ಮಹೇಶ್ ಬೈಕಿನ ಕೀ ಹುಡುಕುತ್ತ ಮೆಟ್ಟಿಲಿಳಿದು ಬಂದು, "ಏನತ್ತಿಗೆ, ಜೋರಾಗಿ ನಡೀತಿದೆ ಕ್ಲಾಸು" ಎಂದು ಅಲ್ಲೇ ನಿಂತ.

ಅರ್ಪಿತ ಚಿತ್ರದ ಕೆಳಗಿನ ಸಾಲಿಗೆ ಬೆರಳಿಟ್ಟು ಸಣ್ಣ ದನಿಯಲ್ಲಿ ಕೇಳಿದಳು. "ದೊಡ್ಡಮ್ಮ, ಇಲ್ಲಿ ಅಂಡಾಣು ಬಿಡುಗಡೆ ಅಂತ ಇದ್ಯಲ್ಲ, ಅದು ಯಾವಾಗ ಆಗತ್ತೆ?"

ಉತ್ತರ ಗೊತ್ತಿತ್ತು. ಇಡೀ ಜನ್ಮ ತೆತ್ತು ಕಲಿತ ಉತ್ತರ. ಇಂದ್ರಾಣಿ ಬಾಯಿ ತೆರೆದಳು. ಅತ್ತೆಯ ಕೈಯಲ್ಲಿ ಅವರೆ ನಿಂತಿತ್ತು, ಮೈದುನ ನೋಡುತ್ತಿದ್ದ. ಅವಳ ಕಿವಿಯವರೆಗೂ ಬಿಸಿ ಏರಿತು.

"ಇದು... ಇದು ಎಕ್ಸಾಮ್‌ಗೆ ಅಷ್ಟೊಂದು ಬರಲ್ಲ ಪುಟ್ಟಿ. ಸುಲಭ ಇದೆ. ನೀನೇ ಓದ್ಕೋ."

"ಮಿಸ್ಸೂ ಅದೇ ಅಂದ್ರು" ಎಂದಳು ಅರ್ಪಿತ. ಕೆಂಪಕ್ಕ ಮತ್ತೆ ಅವರೆ ಹಿಸುಕತೊಡಗಿದಳು. ಮಹೇಶನಿಗೆ ಕೀ ಸಿಕ್ಕಿತು.

ಅರ್ಪಿತ ಉಳಿದ ಪುಟಗಳನ್ನು ಒಟ್ಟಿಗೆ ಹಿಡಿದು ಮಗುಚಿ ಬೆಳಕಿನ ಪಾಠ ತೆಗೆದಳು. ಇಂದ್ರಾಣಿ ಅದನ್ನು ಮಸೂರದ ಚಿತ್ರದೊಂದಿಗೆ ತುಂಬ ಚೆನ್ನಾಗಿ ಹೇಳಿಕೊಟ್ಟಳು.